ಯಾರು ಹೋಗಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕೆಲಸದಿಂದ ತೆಗೆಯುತ್ತಿದ್ದಾರೆ, ಏನು ಮಾಡಲಿ? ಕುಶಾಲನಗರದ ಕಾಫಿ ವರ್ಕ್ಸ್‌ನಿಂದ ಬಂದಿದೆ, ಮಡಿಕೇರಿ ಹತ್ತಿರದ ರೆಸಾರ್ಟಿನಿಂದ ಬಂದಿದೆ, ಸಿದ್ದಾಪುರ ಕಡೆಯ ತೋಟದಿಂದ ಬಂದಿದೆ. ಒಬ್ಬ ಮಾಲೀಕರೂ ಬರೆದಿದ್ದಾರೆ. ಹಾಗಾಗಿ ಜಮೀನು, ಪೌತಿ ಖಾತೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರನ್ನಾಗಲಿ ಅವರ ಸಂಸ್ಥೆಯ ಹೆಸರನ್ನಾಗಲಿ ಹಾಕಿಲ್ಲ.

ಉತ್ತರಕ್ಕೆ ಮೊದಲು ಎಲ್ಲರಿಗೂ ಬೇಕಾದ ಒಂದು ವಿಷಯ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಈಗ ಇದೇ ಇದೆ. ಕೆಲಸ ಕಡಿತದ ಮೂಲ ನಿಯಮಗಳು ಹೆಚ್ಚು ಕಡಿಮೆ ಹಾಗೇ ಉಳಿದಿವೆ. ಅದರಿಂದ ಹಳೆಯ ಕಾಯ್ದೆಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳು ಈಗಲೂ ಕೆಲಸಕ್ಕೆ ಬರುತ್ತವೆ. ಬದಲಾದದ್ದು ಏನು ಎಂದು ಅಲ್ಲಲ್ಲೇ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಾನು ಕುಶಾಲನಗರದ ಒಂದು ಕಾಫಿ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸ ಮಾಡುತ್ತೇನೆ. 11 ವರ್ಷ 8 ತಿಂಗಳಾಯಿತು. ಒಂದು ಹುತ್ತರಿ ಕಳೆದ ಮೇಲೆ ಸೇರಿದ್ದು, ತಾರೀಕು ನೆನಪಿಲ್ಲ. ಸೀಸನ್ನಿನಲ್ಲಿ ಆರಿಸುವುದು, ಉಳಿದ ತಿಂಗಳು ಗೋಣಿಚೀಲ ಹೊಲಿಯುವುದು, ಗೋಡೌನ್ ಗುಡಿಸುವುದು. ತಿಂಗಳಿಗೆ 15,600 ರೂಪಾಯಿ. ಈ ವರ್ಷ ಕಲರ್ ಸಾರ್ಟರ್ ಮಿಷನ್ ತಂದರು. ಕಪ್ಪು ಬೀಜ, ಒಡೆದ ಬೀಜ ಎಲ್ಲ ಅದೇ ಬೇರೆ ಮಾಡುತ್ತದೆ. ನಾವು 34 ಹೆಂಗಸರಲ್ಲಿ 14 ಜನ ಬೇಡ ಅಂತಿದ್ದಾರೆ. ಪಟ್ಟಿಯಲ್ಲಿ ನನ್ನ ಹೆಸರಿದೆ. ಎರಡು ವರ್ಷದ ಹಿಂದೆ ಸೇರಿದ ಇಬ್ಬರು ಹುಡುಗಿಯರನ್ನು ಉಳಿಸಿಕೊಂಡಿದ್ದಾರೆ. ಒಬ್ಬಳು ಮೇಸ್ತ್ರಿಯ ಅಣ್ಣನ ಮಗಳು. ಹೋದ ವರ್ಷ ಬೋನಸ್ ಕೇಳಿದವರೆಲ್ಲ ಪಟ್ಟಿಯಲ್ಲಿದ್ದಾರೆ. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂತ ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿದರೆ 60,000 ಕೊಡುತ್ತಾರಂತೆ. ಹಾಕದಿದ್ದರೆ ಅದೂ ಇಲ್ಲವಂತೆ. ವರ್ಕ್ಸ್‌ನಲ್ಲಿ ಒಟ್ಟು 60 ಜನ ಇರಬಹುದು. ಮಗಳು ಪಿಯುಸಿ ಓದುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲು ಆ ಕಾಗದಕ್ಕೆ ಸಹಿ ಹಾಕಬೇಡಿ. ಜೊತೆಯ ಹದಿಮೂರು ಜನರಿಗೂ ಇವತ್ತೇ ಹೇಳಿ.

ಕಾರಣ ಇದು. ಕೆಲಸ ಕಡಿಮೆಯಾಯಿತು, ಮಿಷನ್ ಬಂತು ಎಂದು ಮಾಲೀಕರು ಜನರನ್ನು ತೆಗೆದರೆ ಕಾನೂನು ನಿಮಗೆ ನೋಟಿಸ್ ಕೊಡಿಸುತ್ತದೆ, ಪರಿಹಾರ ಕೊಡಿಸುತ್ತದೆ, ಯಾರನ್ನು ಮೊದಲು ತೆಗೆಯಬೇಕು ಎಂದು ಕ್ರಮ ಹೇಳುತ್ತದೆ. ನೀವೇ ಬಿಟ್ಟು ಹೋದಿರಿ ಎಂದು ಬರೆದುಕೊಟ್ಟರೆ ಇದ್ಯಾವುದೂ ಅನ್ವಯಿಸುವುದಿಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಮುಗಿದಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡುವ ಹಣ, ಅದೊಂದು ಉಳಿಯುತ್ತದೆ. 60,000 ಕೊಟ್ಟು ಆ ಕಾಗದ ಬರೆಸಿಕೊಂಡರೆ ಅವರಿಗೆ ಉಳಿತಾಯ ಎಷ್ಟು ಎಂದು ನೋಡೋಣ.

ನಿಮ್ಮ ಸೇವೆ 11 ವರ್ಷ 8 ತಿಂಗಳು. ಆರು ತಿಂಗಳಿಗಿಂತ ಜಾಸ್ತಿ ಇರುವ ತುಂಡು ವರ್ಷವನ್ನು ಪೂರ್ತಿ ವರ್ಷ ಎಂದೇ ಹಿಡಿಯಬೇಕು. ಅಂದರೆ 12 ವರ್ಷ. ಕಡಿತದ ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ತಿಂಗಳ ಸಂಬಳದವರಿಗೆ 15 ದಿನ ಅಂದರೆ ಅರ್ಧ ತಿಂಗಳು, 7,800. ಹನ್ನೆರಡು ವರ್ಷಕ್ಕೆ 93,600. ಇನ್ನು ಗ್ರಾಚ್ಯುಟಿ. ಅದೂ ವರ್ಷಕ್ಕೆ 15 ದಿನವೇ, ಆದರೆ ಅಲ್ಲಿ ತಿಂಗಳಿಗೆ 26 ದಿನ ಎಂದು ಭಾಗಿಸುತ್ತಾರೆ. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. ಹದಿನೈದು ದಿನಕ್ಕೆ 9,000. ಹನ್ನೆರಡು ವರ್ಷಕ್ಕೆ 1,08,000. ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಕೊಡದಿದ್ದರೆ ಅದರ ಬದಲು 15,600. ಮೂರೂ ಸೇರಿದರೆ 2,17,200. ಹೊಸ ಸಂಹಿತೆಯಲ್ಲಿ ಇನ್ನೊಂದು ಬಂದಿದೆ. ಹೊಸ ಕೆಲಸ ಕಲಿಯಲಿ ಎಂದು ಮಾಲೀಕರು 15 ದಿನದ ಸಂಬಳವನ್ನು ಒಂದು ನಿಧಿಗೆ ಕಟ್ಟಬೇಕು, ತೆಗೆದ 45 ದಿನದೊಳಗೆ ಅದು ಕೆಲಸಗಾರರ ಖಾತೆಗೆ ಬರಬೇಕು. ಬಾಕಿ ರಜೆ ಸಂಬಳ, ಬೋನಸ್ ಇದ್ದರೆ ಅದು ಬೇರೆ. 15,600ರಲ್ಲಿ ಬೇರೆ ಭತ್ಯೆ ಸೇರಿದ್ದರೆ ಗ್ರಾಚ್ಯುಟಿ ಸ್ವಲ್ಪ ಆಚೀಚೆ ಆಗಬಹುದು. ಏನೇ ಆದರೂ ಅವರ 60,000 ಇದರ ಹತ್ತಿರಕ್ಕೂ ಬರುವುದಿಲ್ಲ.

ಈ ಪರಿಹಾರ 'ಆಮೇಲೆ ನೋಡೋಣ', 'ಕಾಫಿ ಮಾರಿದ ಮೇಲೆ ಕೊಡುತ್ತೇವೆ' ಅನ್ನುವ ಹಣ ಅಲ್ಲ. ತೆಗೆಯುವ ಹೊತ್ತಿಗೆ ಕೈಗೆ ಬಂದಿರಬೇಕು. ಅದು ಕೊಡದೆ ತೆಗೆದರೆ ಆ ತೆಗೆದದ್ದೇ ಊರ್ಜಿತ ಅಲ್ಲ ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ಬಾಂಬೆಯ ಆಸ್ಪತ್ರೆ ಕೆಲಸಗಾರರ ಪ್ರಕರಣದಲ್ಲಿ ಹೇಳಿದೆ.

ಈಗ ಪಟ್ಟಿಯ ವಿಷಯ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಿಷನ್ ತರುವುದು ಮಾಲೀಕರ ಇಷ್ಟ. 34ರ ಬದಲು 20 ಜನ ಸಾಕು ಅನ್ನುವುದನ್ನೂ ಕೋರ್ಟು ಸುಮ್ನೆ ಪ್ರಶ್ನೆ ಮಾಡುವುದಿಲ್ಲ. ಆದರೆ ಆ 14 ಜನ ಯಾರು ಅನ್ನುವುದು ಮೇಸ್ತ್ರಿಯ ಇಷ್ಟ ಅಲ್ಲ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹಳೆಯ ಕಾಯ್ದೆಯ 25ಜಿ ಕಲಮಿನಲ್ಲಿ ಇದು ಇತ್ತು, ಹೊಸ ಸಂಹಿತೆಯ 71ರಲ್ಲಿ ಇದೆ. ಬೀಜ ಆರಿಸುವ 34 ಜನ ಒಂದು ವರ್ಗ. ಸಿಪ್ಪೆ ತೆಗೆಯುವ ಹಲ್ಲಿಂಗ್ ಮಿಷನ್ ನೋಡಿಕೊಳ್ಳುವವರು ಬೇರೆ ವರ್ಗ, ಲೋಡಿಂಗ್‌ನವರು ಬೇರೆ. ನಿಮ್ಮನ್ನು ಹೋಲಿಸಬೇಕಾದದ್ದು ಆರಿಸುವವರ ಜೊತೆಗೆ ಮಾತ್ರ. ಅದರೊಳಗೆ ಸೇರಿದ ತಾರೀಕಿನ ಪ್ರಕಾರ ಕೆಳಗಿನ 14 ಜನ. ಎರಡು ವರ್ಷದವರು ಉಳಿದು ಹನ್ನೊಂದು ವರ್ಷದವರು ಹೊರಗೆ ಅಂದರೆ ಮಾಲೀಕರು ಕಾರಣ ಹೇಳಬೇಕು. ಆ ಕಾರಣ ಬರವಣಿಗೆಯಲ್ಲಿ ಇರಬೇಕು.

ಕಾರಣ ಇರಲಾರದು ಎಂದು ನಾನು ಹೇಳುತ್ತಿಲ್ಲ. ಅಸ್ಸಾಮಿನ ಜೋರೆಹಾಟ್ ಟೀ ಕಂಪನಿಯ ವರ್ಕ್‌ಶಾಪ್ ಕೆಲಸಗಾರರ ಪ್ರಕರಣದಲ್ಲಿ, 1980ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಿರಿಯನಿಗೆ ಸಂಸ್ಥೆಗೆ ಬೇಕಾದ ವಿಶೇಷ ಅರ್ಹತೆ ಇದ್ದರೆ ಅವನನ್ನು ಉಳಿಸಿಕೊಳ್ಳಬಹುದು. ಆದರೆ ಅಂಥ ಅರ್ಹತೆ ಇದೆ ಎಂದು ತೋರಿಸುವ ಹೊರೆ ಮಾಲೀಕರ ಮೇಲೆ. ಇದಕ್ಕೂ ಮೊದಲು, 1960ರಲ್ಲಿ, ಮದ್ರಾಸಿನ ಸ್ವದೇಶಮಿತ್ರನ್ ಪತ್ರಿಕೆಯ ಪ್ರಕರಣ. ಹಿರಿಯರ ಕೆಲಸ ಸರಿಯಿಲ್ಲ, ನಂಬಿಕೆಗೆ ಯೋಗ್ಯರಲ್ಲ ಎಂದು ಹೇಳಿ ಕಿರಿಯರನ್ನು ಉಳಿಸಿಕೊಳ್ಳುವುದಾದರೆ ಅದಕ್ಕೆ ನಂಬಬಹುದಾದ ಸಾಕ್ಷ್ಯ ಬೇಕು, ಅದು ಮೊದಲಿನಿಂದ ದಾಖಲೆಯಲ್ಲಿ ಇದ್ದರೆ ಒಳ್ಳೆಯದು ಎಂದಿತು. ತೆಗೆಯಬೇಕಾದ ವಾರದಲ್ಲಿ ಹುಟ್ಟಿದ ದೂರುಗಳನ್ನು ಹಿಡಿದು ಬರುವವರಿಗೆ ಈ ತೀರ್ಪು ಉತ್ತರ.

ನಿಮ್ಮ ಮಾಲೀಕರು ಏನು ಹೇಳಬಹುದು ಎಂದು ಊಹಿಸಬಲ್ಲೆ. 'ಆ ಇಬ್ಬರು ಹುಡುಗಿಯರಿಗೆ ಮಿಷನ್ ಬರುತ್ತದೆ.' ಆಗ ನೀವು ಕೇಳಬೇಕಾದದ್ದು: ಅವರಿಗೆ ಯಾವಾಗ ಕಲಿಸಿದಿರಿ? ಯಾರು ಆರಿಸಿದರು? ನಮ್ಮನ್ನು ಯಾಕೆ ಕೇಳಲಿಲ್ಲ? ಹನ್ನೊಂದು ವರ್ಷ ಕಣ್ಣಲ್ಲೇ ಕಪ್ಪು ಬೀಜ, ಕಂದು ಬೀಜ ಬೇರೆ ಮಾಡಿದವರಿಗೆ ಆ ಮಿಷನ್ ಏನು ಬಿಡುತ್ತಿದೆ, ಏನು ಹಿಡಿಯುತ್ತಿದೆ ಎಂದು ಬೇಗ ಗೊತ್ತಾಗುತ್ತದೆ. ಕಲಿಯುವ ಅವಕಾಶವನ್ನೇ ಕೊಡದೆ 'ನಿನಗೆ ಬರುವುದಿಲ್ಲ' ಅನ್ನುವುದು ನ್ಯಾಯ ಅಲ್ಲ. ಬೋನಸ್ ಕೇಳಿದವರೆಲ್ಲ ಪಟ್ಟಿಯಲ್ಲಿದ್ದಾರೆ ಅನ್ನುವುದನ್ನೂ ದೂರಿನಲ್ಲಿ ಬರೆಯಿರಿ. ಯಾರು ಕೇಳಿದ್ದರು, ಯಾವ ತಿಂಗಳು, ಯಾರ ಹತ್ತಿರ ಕೇಳಿದ್ದು, ಅಷ್ಟೂ.

ಮಿಷನ್ ಬಗ್ಗೆಯೇ ಇನ್ನೊಂದು ನಿಯಮ ಇದೆ, ತುಂಬ ಜನರಿಗೆ ಗೊತ್ತಿಲ್ಲ. ಜನ ಕಡಿಮೆಯಾಗುವಂಥ ಯಂತ್ರ ಸುಧಾರಣೆ ಮಾಡುವ ಮೊದಲು ಮಾಲೀಕರು ಕೆಲಸಗಾರರಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕು. ನಿಮಗೆ ಅಂಥ ನೋಟಿಸ್ ಬಂತಾ? ಪತ್ರ ನೋಡಿದರೆ ಬಂದಂತಿಲ್ಲ. ಅದನ್ನೂ ಬರೆಯಿರಿ.

ಸರ್ಕಾರದ ಅನುಮತಿ ಬೇಕೇ? ನಿಮ್ಮಲ್ಲಿ ಬೇಡ. ಮೊದಲು 100 ಜನ ಇರುವ ಕಾರ್ಖಾನೆ, ತೋಟಗಳು ಕಡಿತಕ್ಕೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಹೊಸ ಸಂಹಿತೆ ಅದನ್ನು 300ಕ್ಕೆ ಏರಿಸಿತು. ಕೊಡಗಿನ ಎಷ್ಟೋ ತೋಟ, ವರ್ಕ್ಸ್‌ಗಳು ಇದರಿಂದ ಹೊರಗೆ ಉಳಿಯುತ್ತವೆ. ಇದು ಕೆಲಸಗಾರರಿಗೆ ನಷ್ಟ ಎಂದೇ ನನ್ನ ಅಭಿಪ್ರಾಯ. ಅನುಮತಿ ಬೇಡದ ಕಡೆಯೂ ಸರ್ಕಾರಕ್ಕೆ ತಿಳಿಸುವುದು ಮಾತ್ರ ತಪ್ಪುವುದಿಲ್ಲ.

'ವರ್ಷಕ್ಕೊಮ್ಮೆ ಹತ್ತು ದಿನ ಬ್ರೇಕ್ ಕೊಟ್ಟಿದ್ದೇವೆ, ಸೇವೆ ಕಡಿದಿದೆ' ಎಂದು ಹೇಳಿದರೆ ಹೆದರಬೇಡಿ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಸಂಬಳ ಕೊಟ್ಟ ಭಾನುವಾರ, ಹಬ್ಬದ ರಜೆ ಎಲ್ಲ ಆ 240ರಲ್ಲಿ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದೆ. ಆದರೆ 240 ದಿನ ಮಾಡಿದ್ದೇನೆ ಎಂದು ತೋರಿಸಬೇಕಾದವರು ನೀವು. ನಮ್ಮ ರಾಜ್ಯದ ಅರಣ್ಯ ಇಲಾಖೆಯ ಒಬ್ಬ ಕೆಲಸಗಾರರು ಇದೇ ಕಾರಣಕ್ಕೆ 2002ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಬರೀ ಅಫಿಡವಿಟ್ ಸಾಲದು ಎಂದಿತು ಕೋರ್ಟು. ಹಾಗಾಗಿ ಈಗಲೇ ಕಾಗದ ಕೂಡಿಸಿ. ಪಿಎಫ್ ಪಾಸ್‌ಬುಕ್ ತೆಗೆಸಿ, ಸೇರಿದ ತಾರೀಕಿಗೂ ತಿಂಗಳು ತಿಂಗಳ ಕೆಲಸಕ್ಕೂ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿ, ಗುರುತಿನ ಚೀಟಿ, ಹಾಜರಿ ಪುಸ್ತಕದ ಫೋಟೊ ಇದ್ದರೆ ಅದು. ಹಾಜರಿ ಪುಸ್ತಕ ಮಾಲೀಕರ ಕೈಯಲ್ಲಿದ್ದರೆ ಅದನ್ನು ತರಿಸಿ ಎಂದು ಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ಮುಂದಿನ ದಾರಿ. ಒಂದು ಹಾಳೆಯಲ್ಲಿ ಮ್ಯಾನೇಜರಿಗೆ ಬರೆಯಿರಿ: ನಮ್ಮ ವರ್ಗದ ಸೀನಿಯಾರಿಟಿ ಪಟ್ಟಿ ಕೊಡಿ, ಕಿರಿಯರನ್ನು ಉಳಿಸಿ ನಮ್ಮನ್ನು ತೆಗೆಯುವ ಕಾರಣ ಬರವಣಿಗೆಯಲ್ಲಿ ಕೊಡಿ, ನಾನು ರಾಜೀನಾಮೆ ಕೊಡುತ್ತಿಲ್ಲ. ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಅದರ ನಕಲು ಹಿಡಿದು ಮಡಿಕೇರಿಯ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ದೂರು ಕೊಡಿ. ಯೂನಿಯನ್ ಇಲ್ಲ ಎಂದು ಹಿಂಜರಿಯಬೇಡಿ, ಕೆಲಸದಿಂದ ತೆಗೆದ ವಿಷಯದಲ್ಲಿ ಒಬ್ಬರೇ ವಿವಾದ ಎತ್ತಬಹುದು. ಹದಿನಾಲ್ಕು ಜನವೂ ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು. ಕೊನೆಯ ದಿನ ಬರುವ ಮೊದಲೇ ಹೋಗಿ. ಜನ ಇನ್ನೂ ಒಳಗಿರುವಾಗ ಮಾತುಕತೆ ಬೇರೆಯೇ ನಡೆಯುತ್ತದೆ.

ಹಣ ಬೇಕೇ ಬೇಕು, ಮಗಳ ಫೀಸ್ ಕಟ್ಟಬೇಕು ಅಲ್ವಾ? ಕಾನೂನಿನ ಪರಿಹಾರ ಕೊಟ್ಟರೆ ತೆಗೆದುಕೊಳ್ಳಿ. ರಸೀದಿಯ ಮೇಲೆ ನಿಮ್ಮ ಕೈಯಲ್ಲೇ 'ತಕರಾರು ಉಳಿಸಿಕೊಂಡು ಪಡೆದಿದ್ದೇನೆ' ಎಂದು ಬರೆದು ಸಹಿ ಮಾಡಿ.

ಗೆದ್ದರೆ ಕೆಲಸ ವಾಪಸ್ ಸಿಗುತ್ತದಾ? ಈಚೆಗೆ ಕೋರ್ಟುಗಳು ಎಷ್ಟೋ ಪ್ರಕರಣಗಳಲ್ಲಿ ಕೆಲಸದ ಬದಲು ಒಂದು ಗಂಟು ಹಣ ಕೊಡಿಸುತ್ತಿವೆ. ಆದರೆ 2013ರ ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ವಿನಾಯಿತಿ ಹೇಳಿತು. ಕಿರಿಯರನ್ನು ಉಳಿಸಿಕೊಂಡು ಹಿರಿಯರನ್ನು ತೆಗೆದಿದ್ದರೆ ಕೆಲಸಕ್ಕೆ ವಾಪಸ್ ಸೇರಿಸುವುದನ್ನು ಸುಮ್ನೆ ನಿರಾಕರಿಸಬಾರದು ಎಂದು. ನಿಮ್ಮದು ಅಂಥದ್ದೇ.

ಪ್ರಶ್ನೆ: ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರಲ್ಲಿ ಫ್ರಂಟ್ ಆಫೀಸ್ ಕೆಲಸ, ನಾಲ್ಕು ವರ್ಷದಿಂದ. ಹೆರಿಗೆ ರಜೆ ಮುಗಿಸಿ ಬಂದು ನಾಲ್ಕು ತಿಂಗಳಾಯಿತು. ಮಳೆಗೆ ರೂಮುಗಳು ಖಾಲಿ. ಐದು ಜನರಲ್ಲಿ ಮೂವರನ್ನು ಕಡಿಮೆ ಮಾಡುತ್ತಾರಂತೆ. ಎಲ್ಲರಿಗೂ ಅಂಕ ಹಾಕಿದ್ದಾರೆ. ಹೋದ ವರ್ಷದ ಬುಕಿಂಗ್ ಲೆಕ್ಕ, ಹಾಜರಿ, ಗೆಸ್ಟ್ ಅಭಿಪ್ರಾಯ. ರಜೆಯಲ್ಲಿದ್ದ ತಿಂಗಳುಗಳಿಗೆ ನನಗೆ ಸೊನ್ನೆ. 'ಇದು ಕಾರ್ಖಾನೆ ಅಲ್ಲ, ಲೇಬರ್ ಕಾನೂನು ಇಲ್ಲಿ ನಡೆಯಲ್ಲ' ಅನ್ನುತ್ತಾರೆ ಮ್ಯಾನೇಜರ್. ಹೌದಾ?

ಉತ್ತರ: ಇಲ್ಲಮ್ಮ. ಹೋಟೆಲು, ರೆಸಾರ್ಟು ಎಲ್ಲ ಇದರೊಳಗೇ ಬರುತ್ತವೆ. ಒಂದು ವರ್ಷದ ನಿರಂತರ ಸೇವೆ ಇದ್ದರೆ ನೋಟಿಸ್, ಪರಿಹಾರ, ಕೊನೆಗೆ ಬಂದವರು ಮೊದಲು ಅನ್ನುವ ಕ್ರಮ, ಮೂರೂ ನಿಮಗೂ ಉಂಟು. ಕಾರ್ಖಾನೆ, ತೋಟ, ಗಣಿಗೆ ಮಾತ್ರ ಇರುವುದು ಮೇಲೆ ಹೇಳಿದ, 300 ಜನ ಇದ್ದರೆ ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ. ಮ್ಯಾನೇಜರ್ ಎರಡನ್ನೂ ಬೆರೆಸಿ ಹೇಳಿದ್ದಾರೆ.

ಅಂಕ ಹಾಕುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅಂಕ ನ್ಯಾಯವಾಗಿದ್ದರೆ ಅದೂ ಒಂದು ಬರೆದಿಟ್ಟ ಕಾರಣವೇ. ಆದರೆ ನಿಮ್ಮ ಅಂಕ ನ್ಯಾಯವಾಗಿಲ್ಲ. ಹೆರಿಗೆ ರಜೆ ಕಾನೂನು ಕೊಟ್ಟ ರಜೆ. ಮೊದಲ ಎರಡು ಮಕ್ಕಳಿಗೆ 26 ವಾರ, 2017ರಿಂದ ಹೀಗೆ. ಆ ರಜೆಯಲ್ಲಿದ್ದಾಗ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಜೆ ಮುಗಿಸಿ ಬಂದವರಿಗೆ ಅದೇ ದಿನಗಳಿಗೆ ಸೊನ್ನೆ ಹಾಕಿ ನಾಲ್ಕು ತಿಂಗಳ ಮೇಲೆ ಹೊರಗೆ ಹಾಕಿದರೆ, ಕಾನೂನು ತಡೆದದ್ದನ್ನೇ ಹಿಂಬಾಗಿಲಿನಿಂದ ಮಾಡಿದ ಹಾಗೆ. ತಾಯಿಯಾದ ಹುಡುಗಿಯರನ್ನು ಈ ರೀತಿ ಜರಡಿ ಹಿಡಿಯುವುದನ್ನು ನಾನು ಒಪ್ಪಲಾರೆ. ನೀವೂ ಒಪ್ಪಬೇಡಿ.

ಲಿಖಿತವಾಗಿ ಕೇಳಿ. ಯಾವ ಯಾವ ಅಂಶಕ್ಕೆ ಎಷ್ಟು ಅಂಕ? ಯಾರು ಹಾಕಿದರು? ಈ ಅಳತೆ ಮೊದಲೇ ಇತ್ತಾ, ಈ ತಿಂಗಳು ಹುಟ್ಟಿತಾ? ನಾನು ಕೆಲಸದಲ್ಲಿದ್ದ ತಿಂಗಳುಗಳನ್ನು ಮಾತ್ರ ಹಿಡಿದು ಸರಾಸರಿ ತೆಗೆದರೆ ನನ್ನ ಸ್ಥಾನ ಎಷ್ಟು? ಗೆಸ್ಟ್ ಅಭಿಪ್ರಾಯ ಅಂದರೆ ಯಾವ ಗೆಸ್ಟ್, ಎಲ್ಲಿ ಬರೆದದ್ದು? ಐವರ ಸೇರಿದ ತಾರೀಕು ಪಕ್ಕದಲ್ಲಿಟ್ಟು ನೋಡಿ. ಉಳಿಯುವ ಇಬ್ಬರಲ್ಲಿ ಒಬ್ಬರು ನಿಮಗಿಂತ ಕಿರಿಯರಾಗಿದ್ದರೂ ಉತ್ತರ ಕೊಡಬೇಕಾದವರು ರೆಸಾರ್ಟಿನವರು.

ಇನ್ನೊಂದು ಮುಖ್ಯ ವಿಷಯ, ನಮ್ಮ ಜಿಲ್ಲೆಗೆ ತುಂಬ ಹೊಂದುವುದು. ಇಲ್ಲಿ ಮಳೆಗಾಲದಲ್ಲಿ ಜನ ಬೇಡ. ಅಕ್ಟೋಬರ್ ಬಂದರೆ ಮಡಿಕೇರಿ ದಸರಾ, ಆಮೇಲೆ ಕ್ರಿಸ್‌ಮಸ್ ರಜೆ, ರೂಮು ಸಿಗುವುದಿಲ್ಲ. ಆಗ ಹೊಸಬರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಳ್ಳುತ್ತಾರೆ. ಕಾನೂನು ಇದಕ್ಕೂ ಅಡ್ಡ ನಿಂತಿದೆ. ಕಡಿತ ಮಾಡಿದ ಒಂದು ವರ್ಷದೊಳಗೆ ಜನ ತೆಗೆದುಕೊಳ್ಳುವುದಾದರೆ ಕೆಲಸ ಕಳೆದುಕೊಂಡವರಿಗೆ ಮೊದಲು ಹೇಳಬೇಕು, ಬಂದರೆ ಅವರಿಗೇ ಆದ್ಯತೆ. ಹಳೆಯ ಕಾಯ್ದೆಯಲ್ಲಿ ಈ ಒಂದು ವರ್ಷದ ಮಿತಿ ಇರಲಿಲ್ಲ, ಈಗ ಇದೆ. ಹಾಗಾಗಿ ಬಿಡುವ ದಿನವೇ ಒಂದು ಪತ್ರ ಕೊಡಿ. ನನ್ನ ವಿಳಾಸ ಇದು, ಫೋನ್ ಇದು, ಕೆಲಸ ಇದ್ದಾಗ ಕರೆಯಿರಿ, ನಾನು ಬರಲು ತಯಾರು. ಸೆಪ್ಟೆಂಬರಿನಿಂದ ಅವರ ನೇಮಕಾತಿ ಜಾಹೀರಾತುಗಳನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ತಾರೀಕು ಸಮೇತ ಉಳಿಸಿಕೊಳ್ಳಿ.

ಪ್ರಶ್ನೆ: ಸಿದ್ದಾಪುರ ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ, 19 ವರ್ಷ. ಸಂಬಳ 22,000. ಪಕ್ಕದ ತೋಟದ ಜೊತೆ ಸೇರಿಸಿ ಒಬ್ಬನೇ ರೈಟರ್ ಸಾಕು ಎಂದು ನನ್ನನ್ನು ಬಿಡಿಸುತ್ತಿದ್ದಾರೆ. 'ನೀನು ಸೂಪರ್‌ವೈಸರ್, 18,000ದ ಮೇಲೆ ಸಂಬಳ ಇದೆ, ಈ ಕಾನೂನು ನಿನಗಿಲ್ಲ' ಅಂತಾರೆ ಸಾಹುಕಾರ್ರು.

ಉತ್ತರ: ಅಣ್ಣಾ, ಅವರು ಹೇಳಿದ ಮಿತಿ ಇರುವುದು ನಿಜ. ಮೇಲ್ವಿಚಾರಣೆ ಕೆಲಸದವರು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಡೆದರೆ 'ಕೆಲಸಗಾರ' ಅಲ್ಲ. ಆದರೆ ಆ ಮಿತಿ ಮೇಲ್ವಿಚಾರಣೆಗೆ ಮಾತ್ರ. ಗುಮಾಸ್ತ ಕೆಲಸಕ್ಕೆ ಸಂಬಳದ ಮಿತಿ ಇಲ್ಲ. ನಿಮ್ಮ ಕೈಗೆ ಯಾವ ಹೆಸರಿನ ಕಾಗದ ಕೊಟ್ಟಿದ್ದಾರೆ ಎಂದು ಕೋರ್ಟು ನೋಡುವುದಿಲ್ಲ, ದಿನವಿಡೀ ಏನು ಮಾಡುತ್ತೀರಿ ಎಂದು ನೋಡುತ್ತದೆ. ಚೆಕ್‌ರೋಲ್ ಅಂದರೆ ಹಾಜರಿ ಪುಸ್ತಕ ಬರೆಯುವುದು, ಕುಯ್ದ ಹಣ್ಣಿನ ತೂಕ ಬರೆಯುವುದು, ಗೊಬ್ಬರದ ಸ್ಟಾಕ್, ವಾರದ ಬಟವಾಡೆ ಲೆಕ್ಕ, ಇವೆಲ್ಲ ಗುಮಾಸ್ತ ಕೆಲಸ. ಯಾರಿಗೆ ಎಲ್ಲಿ ಕೆಲಸ ಎಂದು ಹಂಚುವವರು, ರಜೆ ಕೊಡುವವರು ಮೇಸ್ತ್ರಿ ಮತ್ತು ಮ್ಯಾನೇಜರ್ ಆಗಿದ್ದರೆ ನೀವು ಸೂಪರ್‌ವೈಸರ್ ಅಲ್ಲ. ನಿಮ್ಮ ಅಕ್ಷರದಲ್ಲಿರುವ ಪುಸ್ತಕಗಳೇ ಸಾಕ್ಷಿ. ಪುಸ್ತಕ ತೋಟದ್ದು, ಅದನ್ನು ಹೊರಗೆ ತರಬೇಡಿ. ಕೇಸಿನಲ್ಲಿ ತರಿಸಬಹುದು.

ಗ್ರಾಚ್ಯುಟಿಗೆ ಈ ಜಗಳವೇ ಬೇಡ. ನೀವು ಕೆಲಸಗಾರರಾಗಲಿ, ಸೂಪರ್‌ವೈಸರ್ ಆಗಲಿ, 19 ವರ್ಷದ್ದು ಕೊಡಲೇಬೇಕು, ಕೊಡಬೇಕಾದ ದಿನದಿಂದ 30 ದಿನದೊಳಗೆ. ಪಕ್ಕದ ತೋಟದ ರೈಟರ್ ಯಾವಾಗ ಸೇರಿದವರು, ಎರಡೂ ತೋಟ ಒಬ್ಬರದ್ದೇನಾ ಅನ್ನುವುದನ್ನು ತಿಳಿದುಕೊಂಡು ಮತ್ತೆ ಬರೆಯಿರಿ. ಉತ್ತರ ಅದರ ಮೇಲೆ ನಿಂತಿದೆ.

ಪ್ರಶ್ನೆ: ಸೋಮವಾರಪೇಟೆಯಲ್ಲಿ ನನ್ನದೊಂದು ಚಿಕ್ಕ ಮರಗೆಲಸದ ಘಟಕ. ಒಂಬತ್ತು ಜನ. ಆರ್ಡರ್ ಇಲ್ಲ, ಮೂವರನ್ನು ಬಿಡಲೇಬೇಕಾಗಿದೆ. ಎಲ್ಲರೂ ನಮ್ಮೂರಿನವರೇ. ಮನಸ್ಸು ನೋಯಿಸದೆ, ಕಾನೂನು ತಪ್ಪದೆ ಹೇಗೆ ಮಾಡಲಿ?

ಉತ್ತರ: ನೀವು ಕೇಳಿದ್ದೇ ಒಳ್ಳೆಯದಾಯಿತು. ಮನಸ್ಸು ನೋಯದ ಹಾಗೆ ಮಾಡಲು ಆಗುವುದಿಲ್ಲ. ಮೋಸವಾಯಿತು ಅನ್ನಿಸದ ಹಾಗೆ ಮಾಡಬಹುದು.

ಮೊದಲು ಒಂಬತ್ತು ಜನರನ್ನೂ ಕೂರಿಸಿ ಲೆಕ್ಕ ತೋರಿಸಿ. ಎಷ್ಟು ಆರ್ಡರ್ ಇತ್ತು, ಈಗ ಎಷ್ಟಿದೆ. ಕೆಲವು ತಿಂಗಳ ಮಟ್ಟಿಗೆ ಎಲ್ಲರೂ ಸರದಿಯಲ್ಲಿ ಕೆಲಸ ಹಂಚಿಕೊಂಡರೆ ನಡೆಯುತ್ತದಾ ಎಂದು ಅವರನ್ನೇ ಕೇಳಿ. ಒಪ್ಪಿದರೆ ಬರೆದು ಸಹಿ ಮಾಡಿಸಿ. ಯಾರಿಗಾದರೂ ಸ್ವಂತ ಕೆಲಸ ಶುರು ಮಾಡುವ ಯೋಚನೆ ಇದ್ದರೆ ಅವರೇ ಮುಂದೆ ಬರಬಹುದು. ಹಾಗೆ ಬಂದವರಿಗೂ ಕಡಿತದ ಪರಿಹಾರ ಪೂರ್ತಿ ಕೊಡಿ, ರಾಜೀನಾಮೆ ಬರೆಸಿಕೊಂಡು ಉಳಿಸಬೇಡಿ.

ಇದ್ಯಾವುದೂ ಆಗದಿದ್ದರೆ ವರ್ಗ ವರ್ಗವಾಗಿ ಸೇರಿದ ತಾರೀಕಿನ ಪಟ್ಟಿ ಮಾಡಿ. ಕೆತ್ತನೆಯವರು, ಪಾಲಿಶ್‌ನವರು, ಸಹಾಯಕರು. ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ. ಆ ಪಟ್ಟಿಯನ್ನು ಗೋಡೆಗೆ ಹಾಕಿ. ಕೇಂದ್ರದ ಹಳೆಯ ನಿಯಮ ಇದಕ್ಕೆ ಕಡಿಮೆ ಅಂದರೆ ಏಳು ದಿನ ಮೊದಲು ಎಂದು ಹೇಳಿತ್ತು, ನೀವು ಇನ್ನೂ ಮೊದಲೇ ಹಾಕಿದರೆ ಒಳ್ಳೆಯದು. ತಾರೀಕು ತಪ್ಪಿದ್ದರೆ ಜನ ಹೇಳುತ್ತಾರೆ, ಆಗಲೇ ಸರಿಮಾಡಿ. ಕ್ರಮ ಬಿಟ್ಟು ಯಾರನ್ನಾದರೂ ಉಳಿಸಿಕೊಳ್ಳಲೇಬೇಕಾದರೆ, ಉದಾಹರಣೆಗೆ ಲೇತ್ ಮಿಷನ್ ಬರುವವರು ಒಬ್ಬರೇ ಇದ್ದರೆ, ಅದನ್ನು ತೀರ್ಮಾನ ಮಾಡುವ ಮೊದಲೇ ಬರೆದಿಡಿ. ಬಿಟ್ಟುಹೋಗುವವರಿಗೂ ಅದನ್ನು ತೋರಿಸಿ. ಸಂಬಂಧಿಕರನ್ನು ಉಳಿಸಿಕೊಳ್ಳುವುದಾದರೆ ಎರಡು ಸಲ ಯೋಚಿಸಿ, ಊರೇ ನೋಡುತ್ತಿರುತ್ತದೆ.

ಒಂದು ತಿಂಗಳ ನೋಟಿಸ್ ಕಾರಣದ ಜೊತೆ ಕೊಡಿ. ಪರಿಹಾರ ಕೊನೆಯ ದಿನಕ್ಕೆ ಮೊದಲೇ ಬ್ಯಾಂಕಿಗೆ ಹಾಕಿ, ಲೆಕ್ಕದ ಚೀಟಿ ಕೈಗೆ ಕೊಡಿ. ಕಾರ್ಮಿಕ ಇಲಾಖೆಗೆ ತಿಳಿಸಿ. ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದಾರೆ ಎಂದು ಒಂದು ಸರ್ಟಿಫಿಕೇಟ್ ಬರೆದುಕೊಡಿ, ಕುಶಾಲನಗರದಲ್ಲೋ ಮೈಸೂರಿನಲ್ಲೋ ಕೆಲಸ ಹುಡುಕುವಾಗ ಅದು ಬೇಕಾಗುತ್ತದೆ. ಆರ್ಡರ್ ಮತ್ತೆ ಬಂದರೆ ಮೊದಲ ಫೋನ್ ಆ ಮೂವರಿಗೇ ಹೋಗಬೇಕು.

ಪ್ರಶ್ನೆ: ಗೋಣಿಕೊಪ್ಪದ ಒಂದು ಗೋಡೌನ್‌ನಲ್ಲಿ ಡ್ರೈವರ್, ಆರು ವರ್ಷ. ರಾತ್ರಿ ವಾಟ್ಸಾಪ್‌ನಲ್ಲಿ 'ನಾಳೆಯಿಂದ ಬರಬೇಡ, ಗಾಡಿ ಮಾರಿದ್ದೇವೆ' ಎಂದು ಮೆಸೇಜ್ ಬಂತು. ಎಂಟು ದಿನ ಆಯಿತು. ಸಂಬಳವೂ ಬಾಕಿ. ತಡವಾಯಿತಾ?

ಉತ್ತರ: ತಡವಾಗಿಲ್ಲ ತಮ್ಮಾ. ದೂರಿಗೆ ಎರಡು ವರ್ಷ ಸಮಯ ಇದೆ, ಮೊದಲು ಮೂರು ವರ್ಷ ಇತ್ತು. ಆದರೂ ಈ ವಾರವೇ ಮಡಿಕೇರಿಯ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ. ಆ ಮೆಸೇಜ್ ಅಳಿಸಬೇಡಿ, ಫೋನ್ ಬದಲಾಯಿಸಬೇಡಿ, ನಂಬರ್ ಮತ್ತು ತಾರೀಕು ಕಾಣುವ ಹಾಗೆ ಫೋಟೊ ತೆಗೆದು ಪ್ರಿಂಟ್ ಹಾಕಿಸಿ. 'ಅವನೇ ಬರುವುದು ನಿಲ್ಲಿಸಿದ' ಎಂದು ಹೇಳುವ ಮೊದಲು ನೀವೇ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ: ಇಂಥ ದಿನ ಇಂಥ ಮೆಸೇಜ್ ಬಂತು, ನಾನು ಕೆಲಸ ಬಿಟ್ಟಿಲ್ಲ, ಬರಲು ತಯಾರಿದ್ದೇನೆ, ತೆಗೆದಿದ್ದರೆ ನೋಟಿಸ್ ಸಂಬಳ, ಪರಿಹಾರ, ಗ್ರಾಚ್ಯುಟಿ ಕೊಡಿ. ತೆಗೆದವರಿಗೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಅದು ಆಗಲೇ ಮೀರಿದೆ, ಅದನ್ನೂ ಸೇರಿಸಿ. ಬೇರೆ ಗಾಡಿ ಇದ್ದು ನಿಮಗಿಂತ ಕಿರಿಯ ಡ್ರೈವರ್ ಓಡಿಸುತ್ತಿದ್ದರೆ ಗಾಡಿ ನಂಬರ್ ಬರೆದುಕೊಳ್ಳಿ. ಪೋಸ್ಟಿನ ರಸೀದಿ, ಮೆಸೇಜಿನ ಪ್ರಿಂಟ್, ಬ್ಯಾಂಕ್ ಪಾಸ್‌ಬುಕ್, ಲೈಸೆನ್ಸ್ ಹಿಡಿದುಕೊಂಡು ಮಡಿಕೇರಿ ಬಸ್ ಹತ್ತಿ.